ಸಾರಿಸಿದ ಹಿತ್ತಲಿನ ಮೊಲಗಳು

೧೯೪೪ನೇ ಇಸವಿ ಫೆಬ್ರವರಿ ೧೪, ಸೋಮವಾರ, ಬೆಳಿಗ್ಗೆ ಏಳೂವರೆ. ಚಾಮರಾಜಪೇಟೆಯ ಒಂದು ಮನೆಯ ಹಿತ್ತಲಿನಲ್ಲಿ ಹದಿನಾಲ್ಕು ಗೂಡುಗಳ ಬಾಗಿಲು ತೆಗೆದು, ಹದಿನಾಲ್ಕು ಹೆಣ್ಣು ಮೊಲಗಳನ್ನು ಒಟ್ಟಿಗೆ ನೆಲಕ್ಕೆ ಬಿಟ್ಟೆ. ಅಲ್ಲಿಯವರೆಗೆ ಅವು ಒಂದೊಂದು ಗೂಡಿನಲ್ಲಿ ಒಂಟಿಯಾಗಿದ್ದವು. ನನಗೆ ಆಗ ಹತ್ತೊಂಬತ್ತು. ಓಕಳಿಪುರದ ನಮ್ಮ ಮನೆಯಿಂದ ದಿನವೂ ನಡೆದು ಬರುತ್ತಿದ್ದೆ. ಮೊಲಗಳಿಗೆ ಮೇವು ಹಾಕುವುದು, ಹಿಕ್ಕೆ ಗುಡಿಸುವುದು, ಹುಟ್ಟು ಸಾವು ಬರೆದಿಡುವುದು ನನ್ನ ಕೆಲಸ.

ಮನೆಯ ಯಜಮಾನರು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಹೋಟೆಲುಗಳಿಗೆ ತರಕಾರಿ ಒದಗಿಸುತ್ತಿದ್ದವರು. ಯುದ್ಧದಿಂದಾಗಿ ಅಲ್ಲಿ ಸಿಪಾಯಿಗಳು ತುಂಬಿದ್ದರು, ಕುರಿಮಾಂಸ ಸಾಲುತ್ತಿರಲಿಲ್ಲ. ಮೊಲವಾದರೆ ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತೇವೆ ಎಂದು ಒಂದು ಹೋಟೆಲಿನವರು ಹೇಳಿದ್ದೇ ಇದಕ್ಕೆಲ್ಲ ಮೊದಲು. ಗೂಡು ಹೆಚ್ಚಿಸೋಣವೆಂದರೆ ತಂತಿ ಜಾಲರಿ ಪೇಟೆಯಲ್ಲಿ ಕಣ್ಣಿಗೂ ಬೀಳುತ್ತಿರಲಿಲ್ಲ. ಹಾಗಾಗಿ ಒಟ್ಟಿಗೇ ಸಾಕುವುದೆಂದು ನಿರ್ಧಾರವಾಯಿತು. ಹಿತ್ತಲಿನ ಸುತ್ತ ಆಳೆತ್ತರದ ಗೋಡೆ ಇತ್ತು. ಒಂದು ಕಡೆ ಹಳೆಯ ದನದ ಕೊಟ್ಟಿಗೆ. ಮೊಲ ಬಿಲ ತೋಡಿಕೊಂಡು ಹಿಂದಿನ ಗಲ್ಲಿಗೆ ಹೋಗದಂತೆ ಗೋಡೆಯ ಬುಡದುದ್ದಕ್ಕೂ ಒಂದೂವರೆ ಅಡಿ ಆಳಕ್ಕೆ ಚಪ್ಪಡಿ ಹೂತೆವು. ಸೂರಿನ ಕೆಳಗೆ ಟೀ ಪೆಟ್ಟಿಗೆಗಳನ್ನು ಮಗ್ಗುಲಾಗಿ ಮಲಗಿಸಿ ಮರಿ ಹಾಕುವ ಜಾಗ ಮಾಡಿದೆವು. ಎರಡು ಗಂಡು ಮೊಲಗಳನ್ನು ಮಾತ್ರ ಬೇರೆ ಗೂಡಿನಲ್ಲೇ ಇಟ್ಟು, ಆ ವಾರ ಹೆಣ್ಣುಗಳನ್ನು ಒಂದೊಂದಾಗಿ ಅವುಗಳ ಹತ್ತಿರ ಬಿಟ್ಟು ತೆಗೆದೆವು.

ಯಜಮಾನರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಇಪ್ಪತ್ತೈದರ ಒಳಗಿನ ವಯಸ್ಸು. ಅವರು ಮೊದಲ ದಿನವೇ ಎರಡು ಷರತ್ತು ಹಾಕಿದರು.

"ಕುಯ್ಯೋದೇನಿದ್ರೂ ದಂಡಲ್ಲೇ ಆಗ್ಲಿ. ನನ್ನ ಹಿತ್ತಲಲ್ಲಿ ಒಂದು ತೊಟ್ಟು ರಕ್ತ ಬೀಳಬಾರ್ದು. ಆಮೇಲೆ, ತುಳಸಿಕಟ್ಟೆ ಅಲ್ಲೇ ಇದೆ. ದಿನಾ ಸಾರಿಸ್ದೇ ಬಿಡಲ್ಲ ನಾನು."

"ದಿನಾನಾ? ಅಷ್ಟಗಲದ ಹಿತ್ತಲನ್ನ?" ಎಂದರು ಯಜಮಾನರು.

"ನಿಮ್ಮನ್ನ ಸಗಣಿ ಕಲಸು ಅಂದ್ನಾ?"

ಯಜಮಾನರು ನನ್ನ ಕಡೆ ನೋಡಿ ನಕ್ಕರು. ಅಲ್ಲಿಗೆ ಮಾತು ಮುಗಿಯಿತು.

ಕ್ರಮ ಹೀಗಿತ್ತು. ನಾನು ಬಂದು ಮೊಲಗಳನ್ನೆಲ್ಲ ಕೊಟ್ಟಿಗೆಗೆ ಓಡಿಸಿ ಚಿಲಕ ಹಾಕುತ್ತಿದ್ದೆ. ಹಿಕ್ಕೆ, ಉಳಿದ ಸೊಪ್ಪು ಗುಡಿಸಿ ಹಾಕಿದ ಮೇಲೆ ಅಕ್ಕ ಸೀರೆ ಎತ್ತಿ ಕಟ್ಟಿ, ಸಗಣಿ ಕಲಸಿದ ಬಕೆಟ್ ಹಿಡಿದು, ಒಂದು ಮೂಲೆಯಿಂದ ಹಿಂದೆ ಹಿಂದೆ ಸರಿಯುತ್ತ ಇಡೀ ನೆಲ ಸಾರಿಸುತ್ತಿದ್ದರು. ಪೆಟ್ಟಿಗೆಗಳ ಹೊರಮೈಗೂ ಒಂದು ಕೈ ಬಳಿಯುತ್ತಿದ್ದರು. ನೆಲ ಒಣಗುವಷ್ಟರಲ್ಲಿ ಹನ್ನೊಂದು ಗಂಟೆ. ಆಗ ಚಿಲಕ ತೆಗೆಯುತ್ತಿದ್ದೆ. ಅಷ್ಟು ಚೊಕ್ಕಟವಾದ ಮೊಲದ ಮನೆ ಬೆಂಗಳೂರಿನಲ್ಲೇ ಇರಲಿಕ್ಕಿಲ್ಲ ಎಂದು ನನಗೆ ಹೆಮ್ಮೆಯೇ ಇತ್ತು.

ಮೊದಲ ಮೂರು ದಿನ ಮೊಲಗಳು ಕಿತ್ತಾಡಿದವು. ಹೊಸ ನೆರೆಹೊರೆ, ಇದ್ದದ್ದೇ ಎಂದುಕೊಂಡೆ. ಆಮೇಲೂ ಬಾಗಿಲು ತೆಗೆದ ಸ್ವಲ್ಪ ಹೊತ್ತು ಸಣ್ಣ ಜಗಳ ಇದ್ದೇ ಇರುತ್ತಿತ್ತು. ಮಾರ್ಚ್ ೧೭ರಿಂದ ೨೦ರೊಳಗೆ ಎಪ್ಪತ್ತೊಂದು ಮರಿ ಹುಟ್ಟಿದವು. ತಾಯಿ ಮೊಲ ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಮರಿಗಳಿಗೆ ಹಾಸುತ್ತದೆ. ಕೂದಲಿಲ್ಲದ, ಕಣ್ಣು ಬಿಡದ ಮರಿಗಳು ಆ ಬಿಳಿ ತುಪ್ಪಳದಲ್ಲಿ ಹುದುಗಿರುತ್ತವೆ. ಮೊದಲ ವಾರದಲ್ಲೇ ಹದಿನಾಲ್ಕು ಮರಿ ಪೆಟ್ಟಿಗೆಯಿಂದ ಹೊರಗೆ, ಸಾರಿಸಿದ ನೆಲದ ಮೇಲೆ ಚೆಲ್ಲಿದ ಹಾಗೆ ಸತ್ತು ಬಿದ್ದಿದ್ದವು. ಕೆಲವಕ್ಕೆ ಕತ್ತಿನ ಮೇಲೆ ಹಲ್ಲಿನ ಗುರುತು, ಕೆಲವಕ್ಕೆ ಏನೂ ಇಲ್ಲ.

ಆ ಅಳು ಮೊದಲು ಕೇಳಿದ್ದು ಏಪ್ರಿಲ್ ೬, ಗುರುವಾರ. ಮರಿಗಳು ಮೂರು ವಾರದವಾಗಿ ಆಗತಾನೇ ಹೊರಗೆ ಓಡಾಡಲು ಕಲಿತಿದ್ದವು. ಬಾಗಿಲು ತೆಗೆದು ಸ್ವಲ್ಪ ಹೊತ್ತಾಗಿತ್ತು. ಬಿಸಿಲು ನೆತ್ತಿಗೆ ಬರುತ್ತಿತ್ತು. ನಾನು ಕೊಟ್ಟಿಗೆಯೊಳಗೆ ಮೇವಿಗೆ ತಂದ ಕುದುರೆಮಸಾಲೆ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದೆ. ಹೊರಗೆ ಎಳೆ ಕೂಸೊಂದು ಜೋರಾಗಿ ಅತ್ತಿತು. ಒಂದೇ ಉಸಿರಿನ ಅಳು, ನಡುವೆ ಕತ್ತರಿಸಿದ ಹಾಗೆ ನಿಂತಿತು. ಹೊರಗೆ ಬಂದು ನೋಡಿದರೆ ಮೊಲಗಳೆಲ್ಲ ಇದ್ದಲ್ಲೇ ಅಲುಗಾಡದೆ ಕೂತಿದ್ದವು. ಗಾಳಿಗೆ ಒಂದಷ್ಟು ಬಿಳಿ ತುಪ್ಪಳ ನೆಲದ ಮೇಲೆ ಉರುಳುತ್ತಿತ್ತು. ತುಳಸಿಕಟ್ಟೆಯ ಹತ್ತಿರ ಒಂದು ಮರಿ ಸತ್ತು ಬಿದ್ದಿತ್ತು.

ಮೊಲಕ್ಕೆ ದನಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಅಷ್ಟು ದಿನದಲ್ಲಿ ಒಂದೂ ಬಾಯಿ ಬಿಟ್ಟಿರಲಿಲ್ಲ. ತಲೆಯೆತ್ತಿದಾಗ ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಕೈಯಲ್ಲಿ ಅಕ್ಕಿಯ ಮೊರ ಹಾಗೇ ಇತ್ತು.

"ಯಾರು ಅತ್ತಿದ್ದು?" ಎಂದರು.

"ಮೊಲ ಇರ್ಬೇಕು ಅಕ್ಕ."

ಅವರು ಹಿತ್ತಲನ್ನೇ ನೋಡುತ್ತ ನಿಂತರು.

ಅದಾದ ಮೇಲೆ ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ ಆ ಅಳು ಕೇಳುತ್ತಿತ್ತು. ಹೊತ್ತು ಹೆಚ್ಚು ಕಡಿಮೆ ಅದೇ. ಹಿಂದಿನ ಗಲ್ಲಿಯಲ್ಲಿ ನಡೆದು ಹೋಗುತ್ತಿದ್ದ ಜನ ಆ ಹೊತ್ತಿಗೆ ಬೇರೆ ದಾರಿ ಹಿಡಿಯತೊಡಗಿದರು. ಪಕ್ಕದ ಮನೆಯ ನಿವೃತ್ತ ಮೇಷ್ಟರು ಒಂದು ದಿನ ಗೋಡೆಯ ಮೇಲಿಂದ ಮುಖ ತೂರಿಸಿದರು.

"ಏನಯ್ಯಾ ಮೊಲದ ಇನ್ಸ್‌ಪೆಕ್ಟರೇ, ಮನೇಲಿ ತೊಟ್ಟಿಲು ಕಟ್ಟಿದೀರೋ? ಕೂಸು ಅಳ್ತಿತ್ತಲ್ಲ."

"ಮೊಲ ಸಾರ್."

"ಸುಮ್ನಿರಯ್ಯ. ಐದು ಮಕ್ಕಳನ್ನ ಸಾಕಿದೀನಿ. ಅದು ಮೊಲ ಅಲ್ಲ."

ನಾನು ಇದನ್ನು ತಮಾಷೆಯೆಂದು ಯಜಮಾನರಿಗೆ ಹೇಳಿದೆ. ಅವರು ನಗಲಿಲ್ಲ. ನನ್ನನ್ನು ಬೀದಿಬಾಗಿಲ ತನಕ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು: "ಹೋದ ವರ್ಷ ನಮ್ದೊಂದು ಕೂಸು ಹೋಯ್ತಪ್ಪ. ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಮಧ್ಯಾಹ್ನ ತೊಟ್ಟಿಲಲ್ಲಿ ಮಲಗಿದ್ದು ಏಳಲಿಲ್ಲ. ಇವಳು ಹಿತ್ತಲಲ್ಲೇ ಇದ್ಲು, ಸಾರಿಸ್ತಿದ್ಲು. ಒಂದು ಸಲ ಅತ್ತಿದ್ರೆ ನಂಗೆ ಕೇಳಿಸ್ತಿತ್ತು ಅಂತ ಇವತ್ತಿಗೂ ಅಂತಾಳೆ. ಈ ಅಳು ನಿಲ್ಲಿಸಪ್ಪ. ಹೇಗಾದ್ರೂ ಮಾಡು."

ನಾನು ನನಗೆ ತಿಳಿದ ಕ್ರಮದಲ್ಲಿ ಹೋದೆ. ಮೊದಲು ಹೊರಗಿನಿಂದ ಏನಾದರೂ ಬರುತ್ತಿದೆಯೇ ಎಂದು ನೋಡಿದೆ. ಬಚ್ಚಲ ನೀರಿನ ಕಿಂಡಿಗೆ ಇಟ್ಟಿಗೆ ಇಟ್ಟು ಗಾರೆ ಮೆತ್ತಿದೆ. ಹಾವು, ಮುಂಗುಸಿ, ಹೆಗ್ಗಣ ಯಾವುದರ ಜಾಡೂ ಇರಲಿಲ್ಲ. ಗಿಡುಗ ಎರಗುತ್ತಿರಬಹುದೆಂದು ಹಿತ್ತಲ ಮೇಲೆ ಹಳೆಯ ಮೀನಿನ ಬಲೆ ಕಟ್ಟಿದೆ. ಅಳು ನಿಲ್ಲಲಿಲ್ಲ. ಆಮೇಲೆ ಕೊಟ್ಟಿಗೆಯ ಮಾಡಿನ ಮೇಲೆ ಬಲೆಯ ಅಂಚಿನಲ್ಲಿ ಕೂತು ದಿನವೂ ನೋಡಿದೆ. ಆಗ ಗೊತ್ತಾಯಿತು, ಬೇರೆ ಯಾವುದೂ ಬರುತ್ತಿಲ್ಲ, ಹೆಣ್ಣು ಮೊಲಗಳೇ ಕಚ್ಚುತ್ತಿವೆ. ಚಿಲಕ ತೆಗೆದೊಡನೆ ಅವು ಹೊರಬಂದು, ಎಂದೂ ನೋಡದ ಜಾಗಕ್ಕೆ ಬಂದ ಹಾಗೆ ಕತ್ತು ಚಾಚಿ ನೆಲ ಮೂಸುತ್ತಿದ್ದವು. ಪೆಟ್ಟಿಗೆ, ಕಟ್ಟೆ, ಗೋಡೆಯ ಮೂಲೆ, ಎಲ್ಲಕ್ಕೂ ಗದ್ದ ಉಜ್ಜುತ್ತಿದ್ದವು. ಒಂದು ಉಜ್ಜಿದ ಕಡೆಗೆ ಇನ್ನೊಂದು ಬಂದರೆ ಮೇಲೆ ಬೀಳುತ್ತಿತ್ತು. ನಡುವೆ ಸಿಕ್ಕ ಮರಿಯನ್ನು ಯಾವುದಾದರೂ ಒಂದು ಕತ್ತಿಗೆ ಕಚ್ಚುತ್ತಿತ್ತು. ಆಗ ಮರಿ ಹಾಗೆ ಕೂಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುತ್ತಿದ್ದ ಬೂದು ಮೊಲವೊಂದನ್ನು ತೆಗೆದು ಬೇರೆ ಗೂಡಿಗೆ ಹಾಕಿದೆ. ಮರುದಿನವೇ ಅದರ ಕೆಲಸವನ್ನು ಇನ್ನೊಂದು ವಹಿಸಿಕೊಂಡಿತು. ಪೆಟ್ಟಿಗೆ ಹೆಚ್ಚಿಸಿದೆ. ಮಾರ್ಕೆಟ್ಟಿನಿಂದ ಕೋಸಿನ ಎಲೆ ತಂದು ಮೇವು ಎರಡರಷ್ಟು ಮಾಡಿದೆ. ಸಾವು ನಿಲ್ಲುವವರೆಗೆ ಗಂಡು ಮೊಲವನ್ನು ಬಿಡುವುದಿಲ್ಲವೆಂದು ಯಜಮಾನರಿಗೆ ಹೇಳಿದೆ. ಮೇ ಮೊದಲ ವಾರಕ್ಕೆ ಉಳಿದ ಮರಿ ನಲವತ್ತಾರು.

ಇಷ್ಟರಲ್ಲಿ ಇನ್ನೊಂದು ನಡೆಯುತ್ತಿತ್ತು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಅಕ್ಕ ಅಡಿಗೆಮನೆಯಲ್ಲಿ ಹಿತ್ತಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಬೇಳೆ ಆರಿಸುತ್ತಿದ್ದರು. ನಾನು ಬಾಗಿಲಲ್ಲಿ ನೀರು ಕೇಳಿ ನಿಂತಿದ್ದೆ. ಅವರ ಕೈ ನಿಂತಿತು. ತಲೆ ಒಂದಿಷ್ಟು ವಾಲಿಸಿ, "ಇಗೋ" ಎಂದರು. ಆಮೇಲೆ ಅಳು ಕೇಳಿತು. ಮೊದಲು ಅವರ ಮಾತು, ನಂತರ ಅಳು. ಮತ್ತೆರಡು ಸಲ ನಾನೇ ಬೇಕೆಂದು ಕಾದು ನೋಡಿದೆ. ಎರಡು ಸಲವೂ ಹಾಗೇ ಆಯಿತು. ಮೊಲ ಹೆದರಿದಾಗ ಹಿಂಗಾಲಿನಿಂದ ನೆಲವನ್ನು ದಡ್ ಎಂದು ಬಡಿಯುತ್ತದೆ. ನೆಲದ ಮೇಲೆ ಕೂತವರಿಗೆ ಆ ಬಡಿತ ಮೊದಲು ತಿಳಿಯುತ್ತಿತ್ತೋ ಏನೋ. ನಾನು ಅದೇ ಜಾಗದಲ್ಲಿ ಕೂತು ನೋಡಿದೆ. ನನಗೇನೂ ತಿಳಿಯಲಿಲ್ಲ.

ಅವರು ಊಟ ಕಡಿಮೆ ಮಾಡಿದ್ದರು. ಹನ್ನೊಂದರಿಂದ ಒಂದು ಗಂಟೆಯವರೆಗೆ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಒಮ್ಮೆ ಒಲೆಯ ಮೇಲಿನ ಹಾಲು ಉಕ್ಕಿ ಬೆಂಕಿ ಆರಿ ಹೋದರೂ ಎದುರಿಗೇ ಕೂತಿದ್ದರು. ಯಜಮಾನರು ಹೆದರಿದರು. ನನ್ನೆದುರಿಗೇ ಅಕ್ಕನಿಗೆ ಹೇಳಿದರು: "ಈ ತಿಂಗಳ ಕೊನೇ ಒಳಗೆ ಇದು ನಿಲ್ಲದಿದ್ರೆ ಮೊಲಾನೆಲ್ಲ ಒಂದೇ ಸಲ ದಂಡಿಗೆ ಸಾಗಿಸಿಬಿಡ್ತೀನಿ. ನಿನ್ನನ್ನ ತವರಿಗೆ ಬಿಟ್ಟು ಬರ್ತೀನಿ. ಅಲ್ಲೇ ಆರು ತಿಂಗಳು ಇರು."

"ನಾನು ಹೋದ್ರೆ ಅದು ಬಂದು ಯಾರನ್ನ ಕರೀಬೇಕು?" ಎಂದರು ಅಕ್ಕ. ಸಿಟ್ಟಿಲ್ಲ, ಅಳುವಿಲ್ಲ. ಉಪ್ಪು ಎಲ್ಲಿದೆ ಎಂದು ಕೇಳುವ ಹಾಗಿತ್ತು ದನಿ. ಯಜಮಾನರು ಎದ್ದು ಹೊರಗೆ ಹೋದರು.

ಮೇ ೧೩, ಶನಿವಾರ. ಆ ಮನೆಯಲ್ಲಿ, ಆಗಿನ ಎಲ್ಲ ಮನೆಗಳಲ್ಲಿದ್ದ ಹಾಗೆ, ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದರು, ತುಳಸಿಕಟ್ಟೆಯ ಕೆಲಸಕ್ಕೆ ಕೈ ಹಾಕುತ್ತಿದ್ದುದು ಐದನೇ ದಿನ. ಅಕ್ಕ ಕೂರುತ್ತಿದ್ದುದು ಕೊಟ್ಟಿಗೆಯ ಎದುರಿನ ಸಣ್ಣ ಕೋಣೆಯಲ್ಲಿ, ಮೊಲಗಳಿಗೆ ಬಹಳ ಹತ್ತಿರ. ಅಂದು ಮೂರನೇ ದಿನ. ಯಜಮಾನರೇ ಅಡಿಗೆ ಮಾಡಿಟ್ಟು ಹೋಗಿದ್ದರು. ನಾನು ಎಲೆಯಲ್ಲಿ ಅನ್ನ ತಂದು ದೂರದಲ್ಲಿಟ್ಟೆ.

"ತಮ್ಮಾ, ಒಂದು ಗಮನಿಸಿದೀಯಾ?" ಎಂದರು.

"ಏನಕ್ಕ?"

"ಮೂರು ದಿನದಿಂದ ಅದು ಅಳಲೇ ಇಲ್ಲ. ಹೋದ ತಿಂಗಳೂ ಹಿಂಗೇ. ನಾನು ಇಷ್ಟು ಹತ್ರ ಕೂತಿದೀನಿ, ಒಂದು ಸಲಾನೂ ಇಲ್ಲ." ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಹೇಳಿದರು. "ಮೈಲಿಗೆ ಅಂತ ಗೊತ್ತು ನೋಡು ಅದಕ್ಕೆ. ಅದಕ್ಕೇ ಹತ್ರ ಬರಲ್ಲ. ನಾಡಿದ್ದು ಬರತ್ತೆ."

ಮಟಮಟ ಮಧ್ಯಾಹ್ನ. ತಿರುಗಿ ಹಿತ್ತಲನ್ನು ನೋಡಿದೆ. ಮೊಲಗಳು ಎರಡೆರಡು ಮೂರುಮೂರಾಗಿ ಒತ್ತಿಕೊಂಡು ಮಲಗಿದ್ದವು. ಮರಿಗಳು ಯಾವ ಪೆಟ್ಟಿಗೆಯಲ್ಲಾದರೂ ನುಗ್ಗಿ ಹೊರಬರುತ್ತಿದ್ದವು. ಯಾವುದೂ ತಲೆ ಕೆಡಿಸಿಕೊಂಡಿರಲಿಲ್ಲ. ನೆಲದ ಮೇಲೆ ಹಿಕ್ಕೆ, ಉಚ್ಚೆಯ ಕಲೆ. ಮೂರು ದಿನದಿಂದ ಯಾರೂ ಸಾರಿಸಿರಲಿಲ್ಲ. ಸಾರಿಸಬೇಕಾದವರು ಹೊರಗೆ ಕೂತಿದ್ದರು.

ಆಗ ನನಗೆ ಹೊಳೆಯಿತು. ಅವಕ್ಕೆ ಮನೆಯೆಂದರೆ ವಾಸನೆ. ತನ್ನದು ಯಾವುದು, ಜೊತೆಯದು ಯಾವುದು, ಮರಿ ಯಾರದ್ದು ಎಂಬುದೆಲ್ಲ ಮೂಗಿನಲ್ಲಿದೆ. ನಾವು ದಿನವೂ ಅದನ್ನು ಒರೆಸಿ, ಅದರ ಮೇಲೆ ಸಗಣಿಯ ವಾಸನೆ ಬಳಿದು, ಹದಿಮೂರು ಪರಕೀಯರನ್ನು ಹೊಸ ಜಾಗಕ್ಕೆ ಬಿಡುತ್ತಿದ್ದೆವು. ನಾನು ಹೆಮ್ಮೆಪಟ್ಟ ಚೊಕ್ಕಟವೇ ಮರಿಗಳನ್ನು ಕೊಲ್ಲುತ್ತಿತ್ತು.

ಸೋಮವಾರ ಅಕ್ಕ ತಲೆಗೆ ಸ್ನಾನ ಮಾಡಿ ಬಕೆಟ್ ಹಿಡಿದು ಬಂದಾಗ ನಾನು ಅಡ್ಡ ನಿಂತೆ. ಏನಾದರೂ ಸುಳ್ಳು ಹೇಳಬಹುದಿತ್ತು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಗದ್ದ ಉಜ್ಜುವುದರಿಂದ ಹಿಡಿದು ಕತ್ತು ಕಚ್ಚುವುದರ ತನಕ ಎಲ್ಲವನ್ನೂ. ಅವರು ಬಕೆಟ್ ಕೆಳಗಿಡದೆ ಪೂರ್ತಿ ಕೇಳಿದರು.

"ಅಂದ್ರೆ, ಸಾರಿಸಿದ್ರೆ ಅಳತ್ತೆ. ಸಾರಿಸದಿದ್ರೆ ಅಳಲ್ಲ."

"ಹೌದಕ್ಕ. ಅದು ಮೊಲ."

"ಸರಿ" ಎಂದು ಬಕೆಟ್ ಒಳಗೆ ತೆಗೆದುಕೊಂಡು ಹೋದರು.

ಹನ್ನೆರಡು ದಿನ ಹಿತ್ತಲು ಸದ್ದಿಲ್ಲದೆ ಇತ್ತು. ನಾನು ಹಿಕ್ಕೆಯನ್ನು ಮಾತ್ರ ಒಣ ಪೊರಕೆಯಲ್ಲಿ ಗುಡಿಸುತ್ತಿದ್ದೆ, ಅದೂ ಒಮ್ಮೆಗೆ ಅರ್ಧ ಹಿತ್ತಲು. ಒಂದು ಮರಿಯೂ ಸಾಯಲಿಲ್ಲ. ನಲವತ್ನಾಲ್ಕು ಮರಿ ತೂಕದಲ್ಲಿ ಏರಿದವು. ವಾಸನೆಗೆ ಮೇಷ್ಟರು ಮೂಗು ಮುಚ್ಚಿಕೊಂಡರು. ಯಜಮಾನರು ಮಾತ್ರ ಬಹಳ ದಿನದ ಮೇಲೆ ಹಾಡು ಗುನುಗುತ್ತ ಸೈಕಲ್ ಒರೆಸಿದರು. ಅಕ್ಕ ಹೊತ್ತು ಹೊತ್ತಿಗೆ ಅಡಿಗೆ ಮಾಡಿ ಬಡಿಸುತ್ತಿದ್ದರು. ತಮ್ಮ ಎಲೆಯಲ್ಲಿ ಮಾತ್ರ ಅನ್ನ ಹಾಗೇ ಉಳಿಯುತ್ತಿತ್ತು. ಕೈಯ ಬಳೆ ಮೊಣಕೈ ತನಕ ಜಾರುತ್ತಿತ್ತು. ಹನ್ನೊಂದು ಗಂಟೆಗೆ ಬಾಗಿಲಿಗೆ ಬಂದು ನಿಂತು, ಒಂದು ಗಂಟೆಗೆ ಒಳಗೆ ಹೋಗುತ್ತಿದ್ದರು.

ಮೇ ೨೭, ಶನಿವಾರ. ನಾನು ಬಂದಾಗ ಸಗಣಿಯ ವಾಸನೆ ನಡುಮನೆಯ ತನಕ ಬಂದಿತ್ತು. ಮೊಲಗಳನ್ನು ಅವರೇ ಕೊಟ್ಟಿಗೆಗೆ ಓಡಿಸಿ ಚಿಲಕ ಹಾಕಿದ್ದರು. ಹಿತ್ತಲಿನ ಮೂಲೆಮೂಲೆಯನ್ನೂ ಸಾರಿಸಿದ್ದರು. ಪೆಟ್ಟಿಗೆಗಳನ್ನು ಒಳಗೂ ಹೊರಗೂ ಬಳಿದು ಬಿಸಿಲಿಗಿಟ್ಟಿದ್ದರು. ಮೊಣಕೈ ತನಕ ಸಗಣಿ ಒಣಗಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಒರಳುಕಲ್ಲಿನ ಪಕ್ಕ ಕೂತಿದ್ದರು.

"ನೆಲ ಒಣಗಿದೆ. ಚಿಲಕ ತೆಗಿ ತಮ್ಮಾ" ಎಂದರು.

"ಬೇಡಕ್ಕ."

"ಒಂದೇ ಒಂದು ಸಲ. ಆಮೇಲೆ ನಿನ್ನ ಲೆಕ್ಕಕ್ಕೆ ಒಂದು ಮರಿ ಕಡಿಮೆ ಆದ್ರೆ ಏನಾಯ್ತು? ಹೆಂಗೂ ದಂಡಲ್ಲಿ ಕುಯ್ಯೋದೇ ತಾನೆ."

ತಿಂಗಳು ಕಳೆದರೆ ಆ ಮರಿಗಳನ್ನು ನಾನೇ ಕುಕ್ಕೆಗೆ ತುಂಬಿ ಕಳಿಸುವವನು. ಒಂದು ಮರಿ ಕೂಗಿದರೆ ಇವರು ಒಂದು ತುತ್ತು ಉಣ್ಣುತ್ತಾರೆ ಎಂಬುದೂ ನನಗೆ ಗೊತ್ತಿತ್ತು. ಆದರೆ ಇವತ್ತು ತೆಗೆದರೆ ನಾಳೆಯೂ ತೆಗೆಯಬೇಕು ಎಂದು ಮಾತ್ರ ತೋಚಿತು. ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಕ್ಕ ಏಳಲಿಲ್ಲ, ಬೈಯಲಿಲ್ಲ. ಹಾಗೇ ಬಹಳ ಹೊತ್ತು ಇಬ್ಬರೂ ಇದ್ದೆವು. ಹಿತ್ತಲಿನಲ್ಲಿ ಒಂದು ಇರುವೆಯೂ ಇರಲಿಲ್ಲ. ನೆರಳು ಕಾಲ ಬುಡಕ್ಕೆ ಬಂತು.

ಅಕ್ಕ ತಲೆ ವಾಲಿಸಿ, "ಇಗೋ" ಎಂದರು.

ಅಳು ಕೇಳಿತು. ಕತ್ತರಿಸಿದ ಹಾಗೆ ನಿಲ್ಲಲಿಲ್ಲ ಈ ಸಲ. ಎಳೆ ಕೂಸು ಅತ್ತು, ಬಿಕ್ಕಿ, ಮೆಲ್ಲಗೆ ತಾನಾಗಿ ಸುಮ್ಮನಾಗುವ ಹಾಗೆ ಇಳಿದು ನಿಂತಿತು. ನನ್ನ ಬೆನ್ನ ಹಿಂದಿನ ಕೊಟ್ಟಿಗೆಯಿಂದ ಬಂದಿರಬೇಕು. ಬೇರೆ ಎಲ್ಲಿಂದ ಬರಲು ಸಾಧ್ಯ? ಗೋಡೆಯಾಚೆ ಮೇಷ್ಟರು, "ಏನ್ರೀ, ಯಾರ ಮಗೂ ಅದು?" ಎಂದು ಕೂಗಿದ್ದೂ ಕೇಳಿತು.

ಚಿಲಕ ತೆಗೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದೊಂದನ್ನೂ ಕತ್ತಿನ ಹಿಂದೆ ಹಿಡಿದೆತ್ತಿ, ತುಪ್ಪಳ ಬಿಡಿಸಿ, ಬೆಳಕಿಂಡಿಯ ಕೆಳಗೆ ನೋಡಿದೆ. ಹದಿಮೂರು ಹೆಣ್ಣು, ನಲವತ್ನಾಲ್ಕು ಮರಿ. ಒಂದರ ಮೇಲೂ ಗಾಯವಿಲ್ಲ, ಒಂದು ಹನಿ ರಕ್ತವಿಲ್ಲ, ಕಿತ್ತ ತುಪ್ಪಳವಿಲ್ಲ. ಗಾಬರಿಯಾದ ಮೊಲದ ಎದೆ ಅಂಗೈಯಲ್ಲಿ ಡವಡವ ಹೊಡೆಯುವುದು ನನಗೆ ಚೆನ್ನಾಗಿ ಗೊತ್ತು. ಅವತ್ತು ಎಲ್ಲವೂ ನಿದ್ದೆಯಿಂದ ಎತ್ತಿದ ಹಾಗೆ ಸಡಿಲವಾಗಿದ್ದವು. ಮತ್ತೆ ಮೊದಲಿನಿಂದ ಎಣಿಸಿದೆ. ಅಷ್ಟೇ ಇದ್ದವು.

ಹೊರಗೆ ಬಂದರೆ ಒರಳುಕಲ್ಲಿನ ಹತ್ತಿರ ಯಾರೂ ಇಲ್ಲ. ಬಚ್ಚಲಲ್ಲಿ ಕೈ ತೊಳೆಯುವ ನೀರಿನ ಸದ್ದು. ನಾನು ಅಡಿಗೆಮನೆಯ ಬಾಗಿಲಿಗೆ ಹೋದಾಗ ಅಕ್ಕ ಎಲೆ ಹಾಕಿಕೊಂಡು ಕೂತು ಅನ್ನಕ್ಕೆ ಹುಳಿ ಕಲಸುತ್ತಿದ್ದರು. ಎರಡನೇ ಸಲವೂ ಬಡಿಸಿಕೊಂಡರು. ಉಂಡು ಎದ್ದ ಮೇಲೆ ನನ್ನನ್ನು ನೋಡಿ, "ಸಾಕು ತಮ್ಮಾ. ಇನ್ನು ಅದು ಬರಲ್ಲ. ನೀನೂ ಊಟ ಮಾಡು" ಎಂದರು.

ಬರಲೂ ಇಲ್ಲ. ಅವರು ಮತ್ತೆ ಹಿತ್ತಲು ಸಾರಿಸಲಿಲ್ಲ. ತವರಿಗೆ ಹೋಗುವ ಮಾತು ಏಳಲಿಲ್ಲ. ಜೂನ್ ಮೂರನೇ ವಾರ ಮೊದಲ ಮರಿಗಳನ್ನು ದಂಡಿಗೆ ಕಳಿಸಿದೆವು. ಯುದ್ಧ ಮುಗಿಯುವವರೆಗೆ ಅದೇ ಹಿತ್ತಲಿನಲ್ಲಿ, ಒಟ್ಟಿಗೇ ಬಿಟ್ಟು ಮೊಲ ಸಾಕಿದೆವು. ಅಷ್ಟು ದಿನದಲ್ಲಿ ಕಚ್ಚಾಟದಿಂದ ಸತ್ತ ಮರಿ ಕೆಲವೇ.

ಒಟ್ಟಿಗೆ ಸಾಕುವವರು ನೆಲವನ್ನು ಪೂರ್ತಿ ತೊಳೆಯಬೇಡಿ, ಸಾರಿಸಬೇಡಿ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಆ ಶನಿವಾರದ ಬಗ್ಗೆ ಮಾತ್ರ ಏನೂ ಹೇಳಲಾರೆ. ಗಾಯವಾಗದ, ಹೆದರದ ಮೊಲ ಕೂಸಿನ ದನಿಯಲ್ಲಿ ಕೂಗಿ ತಾನಾಗಿ ಸಮಾಧಾನವಾಗುವುದುಂಟೇ? ಮೊಲ ಸಾಕಿದವರಾಗಲಿ, ದನದ ಆಸ್ಪತ್ರೆಯ ವೈದ್ಯರಾಗಲಿ, ಅಂಥದ್ದನ್ನು ಕಿವಿಯಾರೆ ಕೇಳಿದವರಿದ್ದರೆ ಈ ಪತ್ರಿಕೆಯ ಮೂಲಕ ನನಗೆ ಒಂದು ಕಾರ್ಡು ಬರೆಯಬೇಕೆಂದು ಕೋರುತ್ತೇನೆ. ಉಂಟು ಎಂದು ಯಾರಾದರೂ ಬರೆದರೆ ನಾನು ಅದನ್ನು ಅಕ್ಕನಿಗೆ ತೋರಿಸುವುದಿಲ್ಲ.